ಮೇಲ್ಮನೆಯಲ್ಲಿ ಮುಗಿದ ಸಂಕ

ಮೇಲ್ಮನೆಯಲ್ಲಿ ಒಂದೇ ಒಂದು ಪ್ರಶ್ನೆ ಕೇಳಿಸುವುದಕ್ಕೆ ನನಗೆ ತಗಲಿದ್ದು ದೋಹಾದ ಅಲ್ ಮನ್ಸೂರಾದ ಹೋಟೆಲಿನಲ್ಲಿ ಒಂದು ಶುಕ್ರವಾರದ ಊಟ, ಒಂದು ಲೋಡು ಪ್ಲೈವುಡ್ಡಿನ ಲಾಭ, ಮತ್ತು ನಮ್ಮೂರ ಹೊಳೆಯ ದಡದಲ್ಲಿ ನಾವೇ ಕಟ್ಟಿಸಿಕೊಟ್ಟ ಒಂದು ಏರುದಾರಿ. ಊಟವನ್ನು ನಾನು ಖರ್ಚು ಎಂದು ಎಣಿಸುವವನಲ್ಲ; ಉಣಿಸದೆ ಯಾವ ವ್ಯಾಪಾರವೂ ಕುದುರುವುದಿಲ್ಲ. ಪ್ಲೈವುಡ್ಡಿನಲ್ಲಿ ಹೋದದ್ದು ಮುಂದಿನ ಲೋಡಿನಲ್ಲಿ ಬಂತು. ಏರುದಾರಿ ಮಾತ್ರ ದುಬಾರಿ ಬಿತ್ತು. ಅದರ ಬೆಲೆ ತೆತ್ತವನು ನಾನಲ್ಲ, ನನ್ನ ಅಕ್ಕನ ಮಗಳು. ಯಾಕೆ ಹಾಗಾಯಿತು ಎಂದು ಹೇಳುತ್ತೇನೆ. ಪರದೇಶದಲ್ಲಿ ಕೂತು ಊರಿಗೆ ಉಪಕಾರ ಮಾಡಬೇಕೆಂದು ಕೈ ತುರಿಸಿಕೊಳ್ಳುವವರು ಯಾರಾದರೂ ಇದ್ದರೆ ಕೊನೆಯವರೆಗೆ ಓದಬೇಕು.

ನಾನಾಗ ದೋಹಾದಲ್ಲಿ ಸೆಂಟ್ರಿಂಗ್ ಸಾಮಾನಿನ ವ್ಯಾಪಾರ ಮಾಡುತ್ತಿದ್ದೆ. ಕಾಂಕ್ರೀಟು ಹಾಕುವಾಗ ಕೆಳಗಿನಿಂದ ಆಸರೆ ಕೊಡುವ ಹಲಗೆ, ಜಾಕಿ, ಕಬ್ಬಿಣದ ಪೈಪು, ಇವನ್ನೆಲ್ಲ ಒಂದು ಸೈಟಿನಿಂದ ಸಗಟಾಗಿ ಎತ್ತಿ ಇನ್ನೊಂದು ಸೈಟಿಗೆ ಮಾರುವುದು. ಬಂದದ್ದು ಹೆಲ್ಪರಾಗಿ, ಮೊದಲ ಕೆಲಸ ಹಳೆಯ ಹಲಗೆಗಳಿಂದ ಮೊಳೆ ಕೀಳುವುದು. ಕೀಳುತ್ತ ಕೀಳುತ್ತ ಯಾವ ಹಲಗೆ ಇನ್ನೆಷ್ಟು ಸಲ ಬಾಳುತ್ತದೆ ಎಂಬುದು ಬೆರಳಿಗೆ ತಿಳಿಯಿತು. ಅದೇ ನನ್ನ ಬಂಡವಾಳ. ಲೈಸೆನ್ಸು ಅರ್ಬಾಬನ, ಅಂದರೆ ನನಗೆ ವೀಸಾ ಕೊಟ್ಟ ಅರಬಿ ಧಣಿಯ, ಹೆಸರಿನಲ್ಲಿ; ಬೆವರು ನನ್ನದು. ಇನ್ನೊಂದು ಗುಟ್ಟನ್ನೂ ಆಗಲೇ ಕಲಿತೆ. ಮುಗಿದ ಕಟ್ಟಡದವನು ಸಾಮಾನನ್ನು ಎಣಿಸಿ ಎಣಿಸಿ ಮಾರುತ್ತಾನೆ. ಅರ್ಧಕ್ಕೆ ನಿಂತ ಕಟ್ಟಡದವನು ಮುಖ ಆಚೆ ತಿರುಗಿಸಿಕೊಂಡು ಮಾರುತ್ತಾನೆ. ನನ್ನ ಲಾಭವೆಲ್ಲ ನಿಂತ ಕಟ್ಟಡಗಳಿಂದಲೇ ಬಂದದ್ದು. ತುಕ್ಕಿನ ಸರಳುಗಳು ಆಕಾಶಕ್ಕೆ ಚಾಚಿ ನಿಂತಿರುವುದನ್ನು ದೂರದಿಂದ ಕಂಡರೆ ಸಾಕು, ನನ್ನ ಪಿಕಪ್ಪು ತಾನೇ ಆ ಕಡೆಗೆ ತಿರುಗುತ್ತಿತ್ತು.

ಅಂಥದೇ ಸರಳುಗಳು ನಮ್ಮೂರ ಹೊಳೆಯಲ್ಲೂ ಇದ್ದವು. ಅವುಗಳಿಂದ ನನಗೆ ಲಾಭವಿರಲಿಲ್ಲ.

ನಮ್ಮೂರು ಕರಾವಳಿಯಲ್ಲಿ, ಹೊಳೆ ಸಮುದ್ರ ಸೇರುವ ಮುಂಚೆ ಸೊಂಟ ಅಗಲಿಸಿಕೊಳ್ಳುವ ಜಾಗದಲ್ಲಿದೆ. ಈಚೆ ದಡದಲ್ಲಿ ಏಳನೆಯ ತರಗತಿವರೆಗಿನ ಶಾಲೆ. ಹೈಸ್ಕೂಲು, ಆಸ್ಪತ್ರೆ, ಬೀಡಿ ಬ್ರಾಂಚು, ಬಸ್‌ಸ್ಟ್ಯಾಂಡು ಎಲ್ಲವೂ ಆಚೆ ದಡದಲ್ಲಿ. ನಡುವೆ ಒಂದು ಕಡವಿನ ದೋಣಿ. ಮಳೆಗಾಲದಲ್ಲಿ ನೀರು ಏರಿದ ದಿನ ದೋಣಿ ಇಲ್ಲ. ಸುತ್ತಿಬಳಸಿ ಹೋಗುವ ಬಸ್ಸು ತಲುಪುವ ಹೊತ್ತಿಗೆ ಶಾಲೆಯಲ್ಲಿ ಮಧ್ಯಾಹ್ನದ ಗಂಟೆ ಹೊಡೆದಿರುತ್ತದೆ. ಹಾಗಾಗಿ ಹೊಳೆ ದಾಟಲು ಒಂದು ಸಂಕ, ಜನ ನಡೆದು ಹೋಗುವಷ್ಟು ಅಗಲದ ಕಾಂಕ್ರೀಟಿನ ಕಾಲುಸೇತುವೆ, ಮಂಜೂರಾಗಿತ್ತು. ದುಡ್ಡು ಮೇಲಿನಿಂದ ಬರುವುದು, ಮಾಡಿಸುವುದು ಪಂಚಾಯತು. ಕಂಟ್ರಾಕ್ಟರು ಹೊಳೆಯ ನಡುವೆ ಕಂಬಗಳನ್ನು ಎಬ್ಬಿಸಿ, ಒಂದು ಮಳೆಗಾಲ ಬಂತೆಂದು ಹೋದವನು ಮತ್ತೆ ಬರಲಿಲ್ಲ. ಕಂಬಗಳ ನೆತ್ತಿಯ ಮೇಲೆ ನೀರುಕಾಗೆಗಳು ರೆಕ್ಕೆ ಒಣಗಿಸಿಕೊಳ್ಳುತ್ತಿದ್ದವು.

ಅಕ್ಕ ಬೀಡಿ ಕಟ್ಟುತ್ತಾಳೆ. ಭಾವ ಮುಂಬಯಿಯ ಹೋಟೆಲಿನಲ್ಲಿ. ನಮ್ಮದು ಅಳಿಯಕಟ್ಟಿನ ಮನೆತನ. ಅಕ್ಕನ ಮಕ್ಕಳ ಭಾರ ಸೋದರಮಾವನ ಹೆಗಲ ಮೇಲೆ. ಅವಳಿಗೆ ಇದ್ದವಳು ಒಬ್ಬಳೇ ಮಗಳು, ಆಗ ಐದನೆಯಲ್ಲಿ ಓದುತ್ತಿದ್ದಳು. ಶುಕ್ರವಾರ ಫೋನ್ ಕಾರ್ಡು ಕೆರೆದು ನಾನು ಊರಿಗೆ ಮಾತನಾಡುವಾಗ ಅಕ್ಕನ ಕೈ ನಿಲ್ಲುತ್ತಿರಲಿಲ್ಲ. ಎಲೆ ಕತ್ತರಿಸುವ ಸದ್ದು ಅವಳ ಮಾತಿಗಿಂತ ಸ್ಪಷ್ಟವಾಗಿ ಕೇಳುತ್ತಿತ್ತು.

"ನೋಡು ತಮ್ಮ," ಅಂದಳು ಒಂದು ದಿನ, "ಸಂಕ ಆದ್ರೆ ಇವಳು ಹೈಸ್ಕೂಲಿಗೆ ಹೋಗ್ತಾಳೆ. ಆಗದಿದ್ರೆ ನನ್ನ ಹತ್ರ ಬೀಡಿಗೆ ಕೂರ್ತಾಳೆ. ದೋಣಿಯಲ್ಲಿ ಮಾತ್ರ ನಾನು ಕಳಿಸ್ಲಿಕ್ಕಿಲ್ಲ."

"ಊರಿನ ಎಲ್ಲ ಮಕ್ಕಳೂ ಹೋಗುದಿಲ್ವಾ?"

"ಊರಿನವರು ಮಗುಚಿದ ದೋಣಿಯಲ್ಲಿ ಕೂತಿರ್ಲಿಲ್ಲ. ನಾನು ಕೂತಿದ್ದೆ."

ಅದು ನಿಜ. ಆಟಿ ತಿಂಗಳ ಜಡಿಮಳೆಯ ನೀರಿನಲ್ಲಿ, ಅಕ್ಕ ಎಂಟನೆಯ ತರಗತಿಯಲ್ಲಿದ್ದಾಗ, ದೋಣಿ ನಡುಹೊಳೆಯಲ್ಲಿ ಮಗುಚಿತ್ತು. ಯಾರೂ ಸಾಯಲಿಲ್ಲ. ದೋಣಿ ಒತ್ತುವ ಜಲ್ಲೆಗೆ ಜೋತುಬಿದ್ದ ಅಕ್ಕನನ್ನು ಯಾರೋ ದಡಕ್ಕೆ ಎಳೆದರು. ಪುಸ್ತಕದ ಚೀಲ ಹೋಯಿತು. ಮಾರನೆಯ ದಿನದಿಂದ ಅವಳು ಶಾಲೆಗೆ ಹೋಗಲಿಲ್ಲ. ಹೊಳೆಯಲ್ಲಿ ಕಾಲು ತೊಳೆಯುವುದನ್ನೂ ಬಿಟ್ಟಳು.

"ಅವಳು ಏಳನೆ ಮುಗಿಸುವುದರೊಳಗೆ ಸಂಕ ಆಗ್ತದೆ. ನನ್ನ ಮಾತು," ಅಂದೆ.

"ನಿನ್ನ ಮಾತು ಹಲಗೆ ಮಾರ್ಲಿಕ್ಕೆ ಸರಿ. ನೋಡುವ." ಕತ್ತರಿ ಸದ್ದು ಮಾಡುತ್ತಲೇ ಇತ್ತು.

ಆ ವರ್ಷ ದೋಹಾದ ಕನ್ನಡದವರು ರಾಜ್ಯೋತ್ಸವಕ್ಕೆ ಮೇಲ್ಮನೆಯ ಒಬ್ಬ ಸದಸ್ಯರನ್ನು, ಎಲ್ಲರ ಬಾಯಲ್ಲಿ ಎಮ್ಮೆಲ್ಸಿ, ಮುಖ್ಯ ಅತಿಥಿಯಾಗಿ ಕರೆಸಿದ್ದರು. ನಮ್ಮ ಜಿಲ್ಲೆಯಿಂದಲೇ ಆರಿಸಿ ಹೋದವರು. ಹಾರ ತುರಾಯಿ ಮುಗಿದ ಮರುದಿನ ಅವರನ್ನು ಊಟಕ್ಕೆ ಹಿಡಿದೆ. ಜಾಗ, ಅಲ್ ಮನ್ಸೂರಾದಲ್ಲಿ ನಮ್ಮೂರಿನವನೇ ಆದ ಬ್ಯಾರಿ ಗೆಳೆಯನೊಬ್ಬ ನಡೆಸುತ್ತಿದ್ದ ಸಣ್ಣ ಹೋಟೆಲು. ಅವನೂ ನಾನೂ ಒಂದೇ ಶಾಲೆಯ ಜಗಲಿಯಲ್ಲಿ ಪೆಟ್ಟು ತಿಂದವರು. ಅಂದು ಕೋಳಿ ಸುಕ್ಕ, ನೀರುದೋಸೆ, ಅಂಜಲ್ ಮೀನಿನ ಹುರಿದ ತುಂಡು. ದೊಡ್ಡವರ ಹತ್ತಿರ ಕೆಲಸದ ಮಾತು ತೆಗೆಯುವುದಾದರೆ ಅವರ ಕೈಯಲ್ಲಿ ಮುಳ್ಳಿರುವ ಮೀನು ಇರುವಾಗ ತೆಗೆಯಬೇಕು. ಎದ್ದು ಹೋಗಲಾರರು, ಬೇಗ ಇಲ್ಲ ಎನ್ನಲೂ ಆರರು.

ಮೊದಲಿಗೆ ದೊಡ್ಡದನ್ನೇ ಕೇಳಿದೆ. ಸದನದಲ್ಲಿ ಧರಣಿ ಕೂರಬೇಕು, ಕಲಾಪ ನಿಲ್ಲಿಸಬೇಕು, ತನಿಖೆ ಆಗಬೇಕು. ಎಮ್ಮೆಲ್ಸಿ ಮುಳ್ಳು ಬಿಡಿಸುತ್ತ ನಕ್ಕರು.

"ನೀವು ಕೇಳುದು ನ್ಯಾಯವೇ. ಆದ್ರೆ ನನ್ನ ಕಷ್ಟ ಕೇಳಿ ಮಾರಾಯ್ರೆ. ನಿಮ್ಮ ಓಟು ನನಗೆ ಬೀಳುದಿಲ್ಲ. ನನ್ನನ್ನು ಆರಿಸುದು ಪಂಚಾಯತಿನ ಮೆಂಬರುಗಳು, ಪುರಸಭೆಯ ಮೆಂಬರುಗಳು. ಅವರ ಕೆಲಸ ಅರ್ಧಕ್ಕೆ ನಿಂತಿದೆ ಅಂತ ನಾನು ಬೆಂಗಳೂರಲ್ಲಿ ಎದ್ದು ಹೇಳಿದ್ರೆ, ಮುಂದಿನ ಚುನಾವಣೆಯಲ್ಲಿ ಅವರು ನನ್ನನ್ನು ಅರ್ಧಕ್ಕೆ ನಿಲ್ಲಿಸ್ತಾರೆ."

ಊಟಕ್ಕೆ ಸೇರಿದ್ದ ನಮ್ಮೂರವರೆಲ್ಲ ನಕ್ಕರು. ಚೌಕಾಸಿಯಲ್ಲಿ ಎದುರಿನವನ ತಮಾಷೆಗೆ ನಗುವುದು ಅರ್ಧ ಕೆಲಸ, ಹಾಗಾಗಿ ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ನಗುತ್ತಲೇ ಲೆಕ್ಕ ಹಾಕಿದೆ. ಪಂಚಾಯತಿನ ಮೇಲೆ ಕಣ್ಣಿಡಬೇಕಾದವರನ್ನು ಆರಿಸುವವರು ಪಂಚಾಯತಿನವರೇ. ಖಾಯಂ ಗಿರಾಕಿಯ ಎದುರು ತಕ್ಕಡಿ ಎತ್ತಿ ಹಿಡಿಯುವ ಅಂಗಡಿಯವನನ್ನು ನಾನಂತೂ ಕಂಡಿಲ್ಲ.

"ಹಾಗಾದ್ರೆ ಇವರನ್ನೆಲ್ಲ ನೋಡ್ಲಿಕ್ಕೆ ಯಾರಿದ್ದಾರೆ ಸಾರ್?" ನೀರಿನ ಜಗ್ಗು ಹಿಡಿದು ನಿಂತಿದ್ದ ಹೋಟೆಲಿನ ಗೆಳೆಯ ಕೇಳಿದ.

"ನೋಡ್ಲಿಕ್ಕೆ ನಾವೇ ಇರುದು. ಕಣ್ಣು ಉಂಟು. ಆ ಕಣ್ಣಿಗೆ ಮದ್ದು ಬಿಡುವವರು ಅವರು."

ಮನುಷ್ಯ ಕೆಟ್ಟವರಲ್ಲ. ತನ್ನ ಸ್ಥಿತಿಯನ್ನು ಮುಚ್ಚಿಡದೆ ಹೇಳಿದರು. ನಾನು ಒಂದೊಂದೇ ಮೆಟ್ಟಿಲು ಇಳಿದೆ. ತನಿಖೆ ಬೇಡ, ಧರಣಿ ಬೇಡ, ಯಾರ ಹೆಸರೂ ಬೇಡ. ಒಂದೇ ಒಂದು ಪ್ರಶ್ನೆ: 'ಇಂಥ ಊರಿನ ಕಾಲುಸೇತುವೆಯ ಕಾಮಗಾರಿ ಯಾವ ಹಂತದಲ್ಲಿದೆ?' ಮಂತ್ರಿಯ ಬಾಯಿಂದ ಉತ್ತರ ಬರಲಿ, ಸಾಕು. ಎಮ್ಮೆಲ್ಸಿ ಬೆರಳು ನೆಕ್ಕುತ್ತ ಯೋಚಿಸಿದರು.

"ಕೇಳ್ತೇನೆ. ಆದ್ರೆ ನಿಮ್ಮ ಕಡೆಯಿಂದ ಏನಾದ್ರೂ ಆಗ್ಬೇಕು. ಜನರದ್ದೂ ಒಂದು ಪಾಲು ಅಂತ ತೋರಿಸಿ. ಆಗ ಪಂಚಾಯತಿನ ಮೇಲೆ ದೂರು ಅಂತ ಕಾಣುದಿಲ್ಲ, ಊರವರ ಉತ್ಸಾಹ ಅಂತ ಕಾಣ್ತದೆ. ನನಗೂ ಎದ್ದು ನಿಲ್ಲಲಿಕ್ಕೆ ಒಂದು ನೆಲ ಸಿಗ್ತದೆ."

ಕೈ ಕುಲುಕಿದೆವು. ಅವತ್ತು ಪಿಕಪ್ಪಿನಲ್ಲಿ ಮುಐದರಿನ ಬಿಡಾರಕ್ಕೆ ಮರಳುವಾಗ ನಾನು ಸೀಟಿ ಹಾಕುತ್ತಿದ್ದೆ.

ನಮ್ಮ ಪಾಲು ಯಾವುದು ಎಂದು ನಿರ್ಧರಿಸಿದವನು ನಾನೇ. ದೋಹಾದ ಸೈಟುಗಳಲ್ಲಿ ಒಂದು ರೂಢಿ ಇದೆ. ಕೆಲಸ ನಿಲ್ಲಿಸಿದ ಕಂಟ್ರಾಕ್ಟರು ಮೊದಲು ಹೇಳುವ ನೆಪ, ಸಾಮಾನು ಒಯ್ಯಲು ದಾರಿ ಇಲ್ಲ ಎಂಬುದು. ಚುರುಕಿನವನು ಅವನ ಜತೆ ಜಗಳವಾಡುವುದಿಲ್ಲ. ತಾನೇ ದಾರಿ ಮಾಡಿಕೊಟ್ಟು, 'ಯಲ್ಲಾ, ಈಗ ಬಾ' ಎನ್ನುತ್ತಾನೆ. ನೆಪ ಖಲಾಸ್. ಮಾರನೆಯ ದಿನ ಕ್ರೇನು ಬರುತ್ತದೆ. ಇದು ನನ್ನ ಕಣ್ಣೆದುರೇ ಎಷ್ಟೋ ಸಲ ಆಗಿತ್ತು. ಮಳೆ ನಿಂತ ಮೇಲೆ ಕರೆದಾಗ ನಮ್ಮೂರಿನ ಕಂಟ್ರಾಕ್ಟರೂ ಅದನ್ನೇ ಹೇಳಿದ್ದ. ದಡ ತಗ್ಗು, ಸಂಕದ ಎತ್ತರಕ್ಕೆ ಹತ್ತಿಸುವ ಏರುದಾರಿ ಇಲ್ಲ, ಲಾರಿ ಬರುವುದಿಲ್ಲ. ಸರಿ, ಏರುದಾರಿಯನ್ನು ನಾವೇ ಕಟ್ಟಿಸೋಣ ಅಂದೆ.

ಹೋಟೆಲಿನ ಗೆಳೆಯನಿಗೆ ಅದು ಹಿಡಿಸಲಿಲ್ಲ. "ತಲೆಯೇ ಇಲ್ಲದ ಕೋಳಿಗೆ ಕಾಲು ಮಾಡಿಸುದು ಯಾಕೆ ಮಾರಾಯ?"

"ಕಾಲು ಕಂಡ್ರೆ ತಲೆ ಹುಡುಕಿಕೊಂಡು ಬರ್ತದೆ."

"ಬಂದ್ರೆ ನನ್ನ ಹೋಟ್ಲಿಗೇ ತಾ. ಸುಕ್ಕ ಮಾಡುವ."

ಆದರೂ ಮೊದಲ ಪಾಲು ಹಾಕಿದವನು ಅವನೇ. ಮುಐದರಿನ ನಮ್ಮ ವಿಲ್ಲಾದಲ್ಲಿ, ಒಂದು ಹಾಲನ್ನು ಪ್ಲೈವುಡ್ಡಿನಿಂದ ಕೋಣೆ ಕೋಣೆಯಾಗಿ ಸೀಳಿಕೊಂಡು ಬದುಕುತ್ತಿದ್ದವರಲ್ಲಿ ನಮ್ಮೂರಿನ ಡ್ರೈವರುಗಳಿದ್ದರು, ಎಲೆಕ್ಟ್ರಿಷಿಯನ್ನುಗಳಿದ್ದರು. ಯಾರೂ ಹಿಂದೆಮುಂದೆ ನೋಡಲಿಲ್ಲ. ಪ್ರತಿಯೊಬ್ಬನ ಮನೆಯಲ್ಲೂ ಆ ಹೊಳೆ ದಾಟಬೇಕಾದ ಯಾರೋ ಒಬ್ಬರಿದ್ದರು. ಕೆಂಪುಕಲ್ಲು ಕಟ್ಟಿ, ಮಣ್ಣು ತುಂಬಿಸಿ, ಮೇಲೆ ಕಾಂಕ್ರೀಟು ಹಾಸಿದ ದಾರಿ ಈಚೆ ದಡದಿಂದ ಮೇಲೇರಿ, ಸಂಕ ಶುರುವಾಗಬೇಕಾದ ಎತ್ತರದಲ್ಲಿ ನಿಂತಿತು. ಅದರಾಚೆ ಗಾಳಿ, ಕೆಳಗೆ ನೀರು.

ಆಗ ಪಂಚಾಯತಿನ ಅಧ್ಯಕ್ಷರು ತಾವಾಗಿಯೇ ನನಗೆ ಫೋನು ಮಾಡಿದರು. ಅಂಥವರು ತಮ್ಮ ದುಡ್ಡಿನಲ್ಲಿ ಪರದೇಶಕ್ಕೆ ಫೋನು ಮಾಡಿದರೆ ಎಚ್ಚರವಾಗಬೇಕಿತ್ತು. ನನಗೆ ಹೆಮ್ಮೆಯಾಯಿತು.

"ಭಾರೀ ಲಾಯ್ಕದ ಕೆಲಸ ಮಾಡಿದ್ರಿ. ಹೀಗೆ ಸುಮ್ಮನೆ ಬಿಡುದು ಬೇಡ. ಒಂದು ಉದ್ಘಾಟನೆ ಇಡುವ. ಎಮ್ಮೆಲ್ಸಿಯವರನ್ನೇ ಕರೆಯುವ. ನಿಮ್ಮದೆಲ್ಲ ಹೆಸರಿನ ಕಲ್ಲು ಹಾಕುವ."

ನಮ್ಮ ಕಡೆಯವರ ಸ್ವಭಾವ ನಿಮಗೆ ಗೊತ್ತಿರಬಹುದು. ಗಲ್ಫಿನಿಂದ ದುಡ್ಡು ಹೋದಲ್ಲೆಲ್ಲ ಒಂದು ಕಲ್ಲು ಎದ್ದಿರುತ್ತದೆ. ದೇವಸ್ಥಾನದ ಫ್ಯಾನಿನ ರೆಕ್ಕೆಯ ಮೇಲೂ ದಾನಿಯ ಹೆಸರು. ತಿರುಗುವಾಗ ಓದಲಾಗುವುದಿಲ್ಲವೆಂದು ಕರೆಂಟು ಹೋಗುವುದನ್ನು ಕಾಯುವ ದಾನಿಗಳನ್ನು ನಾನು ಬಲ್ಲೆ. ನಮ್ಮ ಹುಡುಗರಿಗೂ ಆಸೆಯಾಯಿತು. ನನ್ನ ಲೆಕ್ಕ ಬೇರೆ ಇತ್ತು. ಎಮ್ಮೆಲ್ಸಿ ತಮ್ಮ ಕಾಲಿನಲ್ಲೇ ಆ ಏರುದಾರಿ ಹತ್ತಿ, ತುದಿಯಲ್ಲಿ ನಿಂತು, ಬೋಳು ಕಂಬಗಳನ್ನು ನೋಡಿದರೆ ಪ್ರಶ್ನೆಗೆ ಕಾವು ಬರುತ್ತದೆ. ಗಿರಾಕಿಯನ್ನು ಸಾಮಾನಿನ ಹತ್ತಿರ ತಂದು ನಿಲ್ಲಿಸಿದಂತೆ. ಆಗಲಿ, ಇಡಿ ಅಂದೆ.

ಉದ್ಘಾಟನೆಯ ಸಿ.ಡಿ. ರಜೆ ಮುಗಿಸಿ ಬಂದ ಒಬ್ಬನ ಕೈಯಲ್ಲಿ ಬಂತು. ಶುಕ್ರವಾರ ಮಧ್ಯಾಹ್ನ ಮುಐದರಿನಲ್ಲಿ ಎಲ್ಲರೂ ಟೀವಿಯೆದುರು ನೆಲದ ಮೇಲೆ ಕೂತೆವು. ಹೋಟೆಲಿನ ಗೆಳೆಯನೂ ಫ್ಲಾಸ್ಕಿನಲ್ಲಿ ಸುಲೈಮಾನಿ ಚಹಾ ತುಂಬಿಸಿಕೊಂಡು ಬಂದಿದ್ದ. ಪರದೆಯ ಮೇಲೆ ಶಾಮಿಯಾನ, ವಾಲಗ, ಕೊಂಬು. ನಮ್ಮ ಹೆಸರಿನ ಕಲ್ಲಿನ ಮೇಲಿನ ಪರದೆ ಸರಿದಾಗ ಹುಡುಗರು ಶಿಳ್ಳೆ ಹಾಕಿದರು. ಒಬ್ಬ ಟೀವಿಯ ಹತ್ತಿರ ಹೋಗಿ ತನ್ನ ಹೆಸರಿನ ಮೇಲೆ ಬೆರಳಿಟ್ಟು ತೋರಿಸಿದ. ಆಮೇಲೆ ಏರುದಾರಿಯ ಬುಡದಲ್ಲಿ ಕಟ್ಟಿದ್ದ ಕೆಂಪು ರಿಬ್ಬನ್ನು. ಹಿತ್ತಾಳೆಯ ಹರಿವಾಣದಲ್ಲಿ ಕತ್ತರಿ ಇಟ್ಟುಕೊಂಡು ಬಂದವಳು ನನ್ನ ಅಕ್ಕನ ಮಗಳು. ನೀಲಿ ಲಂಗ, ಬಿಳಿ ಅಂಗಿ, ಎರಡು ಜಡೆ. ಎಮ್ಮೆಲ್ಸಿ ಕತ್ತರಿ ಎತ್ತಿಕೊಂಡು ಅವಳ ತಲೆ ನೇವರಿಸಿ ರಿಬ್ಬನ್ನು ಕತ್ತರಿಸಿದರು. ಚಪ್ಪಾಳೆ. ಅಧ್ಯಕ್ಷರು ಅವರ ಕೈ ಹಿಡಿದು ಸೀದಾ ಊಟದ ಪಂಕ್ತಿಯ ಕಡೆಗೆ ಕರೆದುಕೊಂಡು ಹೋದರು.

"ಅಲ್ಲ," ಅಂದ ಹೋಟೆಲಿನ ಗೆಳೆಯ, "ಈ ಕೆಮರಾದವ ಹೊಳೆ ಕಡೆಗೆ ಒಮ್ಮೆಯೂ ತಿರುಗಿಸ್ಲೇ ಇಲ್ವಲ್ಲ?"

ಹೌದಾಗಿತ್ತು. ಕೆಮರಾ ಪೂರ್ತಿ ಹೊತ್ತು ಹೊಳೆಗೆ ಬೆನ್ನು ಹಾಕಿತ್ತು. ಎಮ್ಮೆಲ್ಸಿಯೂ ಮೇಲೆ ಹತ್ತಿರಲಿಲ್ಲ.

"ಕಂಬ ನೋಡ್ಲಿಕ್ಕೆ ವಿಡಿಯೊ ಯಾಕೆ? ನೀನು ಕಾಣದ ಕಂಬವಾ?" ಅಂದು ನಾನು ಸಿ.ಡಿ.ಯನ್ನು ಮತ್ತೆ ಮೊದಲಿನಿಂದ ಹಾಕಿದೆ.

ಎಮ್ಮೆಲ್ಸಿ ಮಾತಿಗೆ ತಪ್ಪಲಿಲ್ಲ. ಅಧಿವೇಶನದಲ್ಲಿ ಪ್ರಶ್ನೆ ಕೇಳಿದರು. ಅವರ ಫೋನು ಬಂದಾಗ ನಾನು ಲುಸೈಲ್ ಕಡೆ ಇದ್ದೆ. ಆಗ ಅಲ್ಲಿ ನಗರವೆಂಬುದು ಬೋರ್ಡಿನ ಚಿತ್ರದಲ್ಲಿ ಮಾತ್ರ. ಉಳಿದದ್ದು ಮರಳು, ಹೂಳೆತ್ತುವ ಯಂತ್ರ, ಬಿಸಿಗಾಳಿ. ಸೈಟಿನ ಸ್ಟೋರಿನವನ ಜತೆ ಒಂದು ಲೋಡು ಪ್ಲೈವುಡ್ ಹಲಗೆಗೆ ಹಗ್ಗಜಗ್ಗಾಟ ನಡೆದಿತ್ತು. ಅವನು ಇನ್ನೇನು ನನ್ನ ಬೆಲೆಗೆ ಇಳಿಯುವವನಿದ್ದ.

"ಉತ್ತರ ಬಂತು ಮಾರಾಯ್ರೆ," ಎಂದರು ಎಮ್ಮೆಲ್ಸಿ. ದನಿಯಲ್ಲಿ ಒಂದು ಮುಜುಗರ. "ಓದ್ತೇನೆ ಕೇಳಿ. 'ಸದರಿ ಕಾಲುಸೇತುವೆಯ ಕಾಮಗಾರಿಯು ಸಾರ್ವಜನಿಕರ ಸಹಭಾಗಿತ್ವದೊಂದಿಗೆ ಪೂರ್ಣಗೊಂಡು ಲೋಕಾರ್ಪಣೆಯಾಗಿರುತ್ತದೆ.' ಅಷ್ಟೇ."

"ಯಾವುದು ಪೂರ್ಣ? ಕಂಬದ ಮೇಲೆ ನಡೆಯುವ ಹಲಗೆಯೇ ಇಲ್ಲ, ಜನ ಹೋಗುದು ಎಲ್ಲಿ?"

"ಪಂಚಾಯತಿನಿಂದ ವರದಿ ಹೋಗಿದೆ. ಉದ್ಘಾಟನೆಯ ಫೋಟೊ ಹೋಗಿದೆ. ಕಂಟ್ರಾಕ್ಟರಿನ ಕಡೆಯ ಬಿಲ್ಲೂ ಪಾಸಾಗಿದೆಯಂತೆ."

"ನೀವು ಎದ್ದು ಸುಳ್ಳು ಅಂತ ಹೇಳ್ಲಿಲ್ವಾ ಸಾರ್? ಉಪಪ್ರಶ್ನೆ ಕೇಳಬಹುದಲ್ಲ?"

"ಫೋಟೊದಲ್ಲಿ ಕತ್ತರಿ ಹಿಡಿದವ ನಾನೇ ಅಲ್ವಾ? ನಾನು ಉದ್ಘಾಟಿಸಿದ್ದು ಆಗಿಲ್ಲ ಅಂತ ನಾನೇ ಹೇಗೆ ಹೇಳುದು?"

ನಾನು ಬಿಡಲಿಲ್ಲ. ಬೇರೆ ದಾರಿ ಕೇಳಿದೆ. ಅವರು ಸಮಾಧಾನದಿಂದಲೇ ವಿವರಿಸಿದರು. ಮಂತ್ರಿ 'ಮಾಡಿಸುತ್ತೇವೆ' ಅಂದಿದ್ದರೆ ಅದು ಸದನಕ್ಕೆ ಕೊಟ್ಟ ಭರವಸೆ. ಭರವಸೆಗಳನ್ನು ಬೆನ್ನುಹತ್ತಲು ಒಂದು ಸಮಿತಿಯೇ ಇದೆ. ಅದು ಅಧಿಕಾರಿಗಳನ್ನು ಕರೆಸಿ ಯಾಕೆ ಆಗಲಿಲ್ಲ ಎಂದು ಕೇಳುತ್ತದೆ. ಆದರೆ 'ಆಗಿದೆ' ಎಂದ ಮೇಲೆ ಭರವಸೆಯೇ ಉಳಿಯುವುದಿಲ್ಲ. ಮುಗಿದ ಕೆಲಸಕ್ಕೆ ಇನ್ನೊಮ್ಮೆ ದುಡ್ಡೂ ಮಂಜೂರಾಗುವುದಿಲ್ಲ. ಹೊಸದಾಗಿ ಅರ್ಜಿ ಕೊಟ್ಟು, ಹೊಸ ಸಂಕವೆಂದು ಕೇಳಬೇಕು. ಒಂದೇ ಜಾಗದಲ್ಲಿ ಎರಡನೆಯ ಸಂಕ ಯಾರು ಕೊಡುತ್ತಾರೆ?

ಫೋನು ಇಟ್ಟು ನೋಡಿದರೆ ಸ್ಟೋರಿನವನು ಬೆಲೆಯನ್ನು ಮತ್ತೆ ಏರಿಸಿದ್ದ. ನನ್ನ ಮುಖ ನೋಡಿಯೇ ಏರಿಸಿದ್ದು. ವಾದಿಸುವ ಚೈತನ್ಯ ಇರಲಿಲ್ಲ. ಆ ಲೋಡಿನ ಲಾಭ ಹೋದದ್ದು ಹಾಗೆ.

ಅದೇ ವಾರ ಅರ್ಬಾಬನ ಮಜ್ಲಿಸಿಗೆ, ಅವನು ಬಂದವರನ್ನು ಕೂರಿಸುವ ಚಾವಡಿಗೆ, ಲೈಸೆನ್ಸಿನ ಕೆಲಸಕ್ಕೆ ಹೋಗಿದ್ದೆ. ನನ್ನ ಬಾಡಿದ ಮುಖ ಕಂಡು ಏನೆಂದು ಕೇಳಿದ. ನನಗೆ ಬಂದಷ್ಟು ಅರಬಿಯಲ್ಲಿ, ಕೈಕರಣದಲ್ಲಿ ಹೊಳೆ, ಕಂಬ, ರಿಬ್ಬನ್ನು ಎಲ್ಲ ತೋರಿಸಿದೆ. ಮುದುಕ ಕೊನೆಯವರೆಗೂ ಕೇಳಿದ. ಅವನ ಸಂಬಂಧಿಯೊಬ್ಬ ಅಲ್ಲಿನ ನಗರಸಭೆಗೆ ನಿಂತು ಗೆದ್ದಿದ್ದ. ಮನೆಯೆದುರಿನ ರಸ್ತೆ, ಚರಂಡಿಗಳ ಬಗ್ಗೆ ಜನ ಅವನ ಹತ್ತಿರ ಹೇಳಿಕೊಳ್ಳುವುದನ್ನು ಮುದುಕ ದಿನಾ ಕಂಡಿದ್ದ. ಅರ್ಬಾಬ ಗಾವಾದ, ಅಂದರೆ ಅರಬಿ ಕಾಫಿಯ, ಸಣ್ಣ ಬಟ್ಟಲು ನನ್ನ ಕಡೆಗೆ ಸರಿಸಿ ಹೇಳಿದ: "ಸುಆಲ್ ಬಲಾಶ್. ಜವಾಬ್ ಗಾಲಿ." ಪ್ರಶ್ನೆ ಪುಕ್ಕಟೆ, ಉತ್ತರ ದುಬಾರಿ. ಆಮೇಲೆ, ಇಷ್ಟೆಲ್ಲ ವ್ಯಾಪಾರ ಬಲ್ಲ ನೀನು ಸರಕು ಕೈಗೆ ಬರುವ ಮುಂಚೆ ರಸೀದಿ ಬರೆದುಕೊಟ್ಟೆಯಾ ಎಂಬ ಅರ್ಥದಲ್ಲಿ ಏನೋ ಅಂದು ತಲೆಯಾಡಿಸಿದ. ನಾನು ಬಟ್ಟಲನ್ನು ಕೆಳಗಿಟ್ಟೆ. ರಿಬ್ಬನ್ನು ಎಂಬುದು ರಸೀದಿ ಎಂದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಸಾಮಾನು ಇಳಿಸುವ ಮೊದಲು ಸಹಿ ಹಾಕಬಾರದೆಂದು ನನ್ನ ಲಾರಿಯ ಹುಡುಗರಿಗೆ ದಿನಾ ಬೈಯುತ್ತಿದ್ದವನು ನಾನು.

ಆಮೇಲೆ ಓಡಾಡಿದ್ದು, ಓಡಾಡಿಸಿದ್ದು ಸಾಕಷ್ಟಿದೆ. ರಜೆಯಲ್ಲಿ ಹೋದವರ ಕೈಯಲ್ಲಿ ಜಿಲ್ಲೆಯ ಕಚೇರಿಗೆ ದೂರು ಕಳಿಸಿದೆವು. 'ಪೂರ್ಣಗೊಂಡಿರುವುದರಿಂದ' ಎಂದು ಶುರುವಾಗುವ ಮಾತೇ ಎಲ್ಲ ಕಡೆಯಿಂದ ತಿರುಗಿ ಬಂತು. ಮುಐದರಿನ ಹುಡುಗರು ಆ ಸಿ.ಡಿ.ಯನ್ನು ಮತ್ತೆ ಹಾಕಲಿಲ್ಲ. ಹೋಟೆಲಿನ ಗೆಳೆಯ ಕೋಳಿಯ ತಲೆಯ ಮಾತು ಎತ್ತಲಿಲ್ಲ. ನನಗೆ ಬೇಕೆಂದೇ ಊರಿನ ಸುದ್ದಿ ಬಿಟ್ಟು ಬೇರೆ ಎಲ್ಲ ಮಾತಾಡುತ್ತಿದ್ದ. ಅವನು ತಮಾಷೆ ನಿಲ್ಲಿಸಿದ್ದೇ ನನಗೆ ಹೆಚ್ಚು ಭಾರವಾಯಿತು.

ಜೂನ್ ಬಂತು. ಹುಡುಗಿ ಏಳನೆಯನ್ನು ಒಳ್ಳೆಯ ಮಾರ್ಕಿನಲ್ಲೇ ಪಾಸು ಮಾಡಿದ್ದಳು. ನಾನು ಅಕ್ಕನ ಜತೆ ಚೌಕಾಸಿಗೆ ಕೂತೆ. ಎರಡು ಫೋನ್ ಕಾರ್ಡು ಕೆರೆದು ಪಕ್ಕದಲ್ಲಿಟ್ಟುಕೊಂಡಿದ್ದೆ.

"ಹಾಸ್ಟೆಲಿಗೆ ಹಾಕುವ. ಖರ್ಚೆಲ್ಲ ನನ್ನದು."

"ಹಾಸ್ಟೆಲಿಗೆ ಕಳಿಸಿ ನಾನು ಯಾರ ಮುಖ ನೋಡಿಕೊಂಡು ಈ ಮನೆಯಲ್ಲಿ ಕೂರ್ಲಿ? ನೀನಿರುದು ಅಲ್ಲಿ, ಅವರಿರುದು ಮುಂಬಯಿ."

"ಪೇಟೆಯಲ್ಲಿ ಚಿಕ್ಕಮ್ಮನ ಮನೆ ಉಂಟಲ್ಲ?"

"ಚಿಕ್ಕಮ್ಮನ ಮನೆಯಲ್ಲಿ ಇವಳು ಶಾಲೆಗೆ ಹೋಗ್ಲಿಕ್ಕಿಲ್ಲ, ಪಾತ್ರೆ ತಿಕ್ಕಲಿಕ್ಕೆ ಹೋಗುದು. ನನಗೆ ಗೊತ್ತುಂಟು."

"ಒಂದು ವರ್ಷ ದೋಣಿಯಲ್ಲಿ ಹೋಗ್ಲಿ ಅಕ್ಕ. ಮಳೆ ಜೋರಿದ್ದ ದಿನ ರಜೆ ಹಾಕ್ಲಿ."

ಎಲೆ ಕತ್ತರಿಸುವ ಸದ್ದು ನಿಂತಿತು. ಇಷ್ಟು ವರ್ಷದಲ್ಲಿ ಅದು ನಿಂತದ್ದನ್ನು ಕೇಳಿದ್ದು ಅದೊಂದೇ ಸಲ.

"ತಮ್ಮ, ನೀನು ಆಡಿದ ಮಾತು ಸಂಕ. ದೋಣಿ ಅಲ್ಲ." ಬೈಯಲಿಲ್ಲ, ದನಿ ಏರಿಸಲಿಲ್ಲ. "ಅಲ್ಲಿ ಎಷ್ಟು ಮಾಳಿಗೆಗೆ ಹಲಗೆ ಕೊಟ್ಟಿದ್ದಿ ನೀನು? ಇಲ್ಲಿಗೆ ಕಲ್ಲು ಕಳಿಸಿದಿ, ಹೆಸರು ಕಳಿಸಿದಿ. ಹಲಗೆ ಮಾತ್ರ ಬರ್ಲಿಲ್ಲ. ಹೋಗ್ಲಿ ಬಿಡು. ನೀನು ಬೇಕೂಂತ ಮಾಡಿದ್ದಲ್ಲ. ಇಕೋ, ಇವಳ ಹತ್ರ ಮಾತಾಡು."

ಹುಡುಗಿ ಫೋನು ಹಿಡಿದಳು. ಅಳುತ್ತಾಳೆಂದು ಗಟ್ಟಿ ಮನಸ್ಸು ಮಾಡಿಕೊಂಡಿದ್ದೆ. ಅಳಲಿಲ್ಲ.

"ಮಾವ, ಅಮ್ಮನ ಕತ್ತರಿ ಮೊಂಡು ಉಂಟು. ಎಲೆ ಹರೀತದೆ. ಅವತ್ತು ರಿಬ್ಬನ್ನಿಗೆ ಹರಿವಾಣದಲ್ಲಿ ಇಟ್ಟಿದ್ರಲ್ಲ, ಅದು ಭಾರೀ ಹರಿತ ಇತ್ತು. ಅಂಥದ್ದು ದೋಹಾದಲ್ಲಿ ಸಿಗ್ತದಾ?"

"ಸಿಗ್ತದೆ ಮಗಾ," ಅಂದೆ.

ಮರುದಿನವೇ ಅಲ್ ಮನ್ಸೂರಾದ ಒಂದು ಅಂಗಡಿಯಲ್ಲಿ ಜರ್ಮನಿಯದೆಂದು ಹೇಳಿದ ಕತ್ತರಿ ಕೊಂಡೆ. ನನ್ನ ಜೀವಮಾನದಲ್ಲಿ ಅಂಗಡಿಯವನು ಹೇಳಿದ ಬೆಲೆಯನ್ನೇ ಕೊಟ್ಟು ಹೊರಬಂದದ್ದು ಅದೊಂದಕ್ಕೇ. ಊರಿಗೆ ಹೊರಟಿದ್ದ ಹೋಟೆಲಿನ ಗೆಳೆಯನ ಕೈಯಲ್ಲಿ ಕಳಿಸಿದೆ. ಅವನು ಪೊಟ್ಟಣ ಬಿಚ್ಚಿ ನೋಡಿ, ಬಟ್ಟೆಗಳ ನಡುವೆ ಇಟ್ಟುಕೊಂಡ. ಮದುವೆಯಾಗುವವರೆಗೂ ಹುಡುಗಿ ಅದರಲ್ಲೇ ಎಲೆ ಕತ್ತರಿಸಿದಳು.

ಕಂಬಗಳು ಇಂದಿಗೂ ಇವೆ. ಏರುದಾರಿಯ ಮೇಲೆ ಜನ ಮೀನು ಒಣಗಿಸುತ್ತಾರೆ, ತೆಂಗಿನಕಾಯಿ ಹರವುತ್ತಾರೆ. ಕಲ್ಲಿನಲ್ಲಿ ನಮ್ಮ ಹೆಸರುಗಳಿವೆ. ಅಕ್ಷರದ ಬಣ್ಣ ಹೋಗಿದೆ, ಕೆತ್ತನೆ ಹೋಗಿಲ್ಲ.

ಇನ್ನು ನಿಮಗೆ ಹೇಳಬೇಕಾದ್ದು. ನಿಮ್ಮೂರಿನ ಕೆಲಸ ಅರ್ಧಕ್ಕೆ ನಿಂತಿದ್ದರೆ ಮೊದಲು ಒಂದು ಫೋಟೊ ತೆಗೆಸಿ, ಇಲ್ಲದಿರುವುದು ಎದ್ದು ಕಾಣುವ ಹಾಗೆ. ಆ ಫೋಟೊ ಪ್ರಶ್ನೆಯ ಜತೆಗೇ ಮೇಲೆ ಹೋಗಲಿ; ಪಂಚಾಯತಿನ ಫೋಟೊ ತಲುಪುವ ಮುಂಚೆ ನಿಮ್ಮದು ತಲುಪಬೇಕು. ಮೇಲ್ಮನೆಯವರ ಹತ್ತಿರ ಪ್ರಶ್ನೆ ಕೇಳಿಸುವುದಾದರೆ 'ಯಾವ ಹಂತದಲ್ಲಿದೆ' ಎಂದು ಕೇಳಿಸಬೇಡಿ. ಅದಕ್ಕೆ 'ಮುಗಿದಿದೆ' ಎಂಬ ಒಂದೇ ಮಾತು ಸಾಕು. 'ಆಚೆ ದಡಕ್ಕೆ ಜನ ನಡೆದು ಹೋಗುವುದು ಯಾವಾಗಿನಿಂದ' ಎಂದು ಕೇಳಿಸಿ. ನಿಮಗೆ ಬೇಕಾದ್ದು ಉತ್ತರವಲ್ಲ, ಭರವಸೆ. 'ಮಾಡುತ್ತೇವೆ' ಎಂಬ ಮಾತು ಸದನದಲ್ಲಿ ಬಿದ್ದರೆ ಅದನ್ನು ಹಿಡಿದು ಜಗ್ಗಲು ಸಮಿತಿ ಇದೆ. 'ಮಾಡಿದ್ದೇವೆ' ಎಂಬ ಮಾತಿಗೆ ಹಿಡಿಯೇ ಇಲ್ಲ. ಕೇಳುವ ಸದಸ್ಯನನ್ನು ಆರಿಸಿದವರು ಯಾರೆಂದು ಮೊದಲು ವಿಚಾರಿಸಿ. ನಿಮ್ಮ ಪಂಚಾಯತಿನ ಓಟು ಬೇಕಾಗಿಲ್ಲದವರು, ದೂರದ ಜಿಲ್ಲೆಯವರಾದರೂ ಅಡ್ಡಿಯಿಲ್ಲ, ಅವರ ಕೈಯಲ್ಲೇ ಕೇಳಿಸಿ. ನಿಮ್ಮ ಪಾಲಿನ ಕೆಲಸವನ್ನು ಸರಕಾರದ ಪಾಲಿನ ಕೆಲಸ ಮುಗಿಯುವ ಮುಂಚೆ ಶುರು ಮಾಡಬೇಡಿ. ಎರಡೂ ಒಂದೇ ಫೋಟೊದಲ್ಲಿ ಬೆರೆತುಹೋಗುತ್ತವೆ. ಕಲ್ಲು ಬೇಡವೇ ಬೇಡ.

ಉದ್ಘಾಟನೆ ಇಡಲೇಬೇಕೆಂದು ಪಂಚಾಯತಿನವರು ಹಟ ಹಿಡಿದರೆ ಬೇಡ ಅನ್ನಬೇಡಿ, ನಗುತ್ತ ಒಪ್ಪಿಕೊಳ್ಳಿ. ರಿಬ್ಬನ್ನು ಮಾತ್ರ ಈಚೆ ದಡದಲ್ಲಿ ಕಟ್ಟಲು ಬಿಡಬೇಡಿ. ಆಚೆ ದಡದಲ್ಲಿ ಕಟ್ಟಿ. ಕತ್ತರಿ ಹಿಡಿದುಕೊಂಡು ಅವರೇ ನಡೆದು ಹೋಗಲಿ.